ಎಲೆ ಕೊನೆಗೆ ಬರಲಿ, ಪುಟ್ಟಿ

ಗೌರಿ ಹಬ್ಬಕ್ಕೆ ನೀನು ಬೆಂಗಳೂರಿನಿಂದ ಕಳಿಸಿದ ಬಿಸ್ಕತ್ತಿನ ಡಬ್ಬ ಮೊನ್ನೆಯವರೆಗೂ ನಮ್ಮ ಅಡುಗೆಮನೆಯ ಗೂಡಿನಲ್ಲೇ ಇತ್ತು. ಫೋನಿನಲ್ಲಿ ಎಲ್ಲರೂ "ತುಂಬಾ ಚೆನ್ನಾಗಿದೆ ಕಣೇ" ಅಂದರಲ್ಲ, ಅದು ನಿನ್ನ ಮೇಲಿನ ಅಕ್ಕರೆಗೆ ಬಂದ ಮಾತು. ಒಂದೊಂದು ತಿಂದರು. ಎರಡನೆಯದಕ್ಕೆ ಯಾರೂ ಕೈ ಹಾಕಲಿಲ್ಲ. ಚಕ್ಕುಲಿ ಡಬ್ಬ ಎರಡನೇ ದಿನಕ್ಕೇ ತಳ ಕಂಡಿತು. ನಿನ್ನದು ನಾಲ್ಕನೇ ದಿನವೂ ಮುಕ್ಕಾಲು ತುಂಬಿತ್ತು.

ಇದು ಎಲ್ಲರೆದುರು ಹೇಳುವ ಮಾತಲ್ಲ. ಅದಕ್ಕೇ ನಿನಗೊಬ್ಬಳಿಗೆ ಬರೆಯುತ್ತಿದ್ದೇನೆ. ಮೂವತ್ತೆಂಟು ವರ್ಷ ಬೇಕರಿ ಭಟ್ಟಿಯ ಮುಂದೆ ಬೆವರಿದವನು ನಿನ್ನ ದೊಡ್ಡಪ್ಪ. ಉಳಿದ ಬಿಸ್ಕತ್ತನ್ನು ಹೊತ್ತಿಗೊಂದರಂತೆ ಕಾಫಿ ಜೊತೆ ನಾನೇ ತಿಂದು ಮುಗಿಸಿದೆ. ಎಲ್ಲಿ ಹದ ತಪ್ಪಿದೆ ಅಂತ ಹುಡುಕಿಕೊಂಡೇ ತಿಂದೆ. ಮೂರು ತಪ್ಪು ಸಿಕ್ಕಿದವು. ಮೂರೂ ಸಣ್ಣವು, ಮೂರನ್ನೂ ತಿದ್ದಬಹುದು. ಅದಕ್ಕೆ ಮೊದಲು ಒಂದು ಸಮಾಧಾನದ ಮಾತು: ನೀನು ಹಿಡಿದ ದಾರಿ ಸರಿಯಾಗಿದೆ.

"ಸಿಹಿ ಬಿಸ್ಕತ್ತಿಗೆ ಯಾರಾದರೂ ಸೊಪ್ಪು ಹಾಕ್ತಾರೇನೇ?" ಅಂತ ನಿಮ್ಮಮ್ಮ ಗೊಣಗಿದಳಂತೆ. ಹಾಕುತ್ತಾರೆ, ಹಿಂದಿನಿಂದಲೂ ಹಾಕುತ್ತಿದ್ದಾರೆ. ಮಂಗಳೂರು, ಉಡುಪಿ ಕಡೆ ನಾಗರಪಂಚಮಿಗೆ ಅರಿಶಿನ ಎಲೆಯ ಕಡುಬು ಮಾಡುತ್ತಾರೆ. ಎಲೆಗೆ ಅಕ್ಕಿ ಹಿಟ್ಟು ಸವರಿ, ನಡುವೆ ಕಾಯಿ-ಬೆಲ್ಲದ ಹೂರಣ ಇಟ್ಟು, ಮಡಚಿ ಹಬೆಯಲ್ಲಿ ಬೇಯಿಸುತ್ತಾರೆ. ತಿನ್ನುವಾಗ ಎಲೆ ಬಿಚ್ಚಿ ಪಕ್ಕಕ್ಕಿಡುತ್ತಾರೆ. ಕಡುಬಿನ ತುಂಬ ಎಲೆಯ ಘಮ ಉಳಿದಿರುತ್ತದೆ. ಅಷ್ಟು ದೂರ ಏಕೆ, ದೇವಸ್ಥಾನದ ಸಿಹಿ ಪೊಂಗಲಿಗೆ ಚಿಟಿಕೆ ಪಚ್ಚಕರ್ಪೂರ ಬೀಳುತ್ತದಲ್ಲ? ಕರ್ಪೂರ ಯಾವ ಸಿಹಿಯ ನೆಂಟ? ಆದರೂ ಅದಿಲ್ಲದಿದ್ದರೆ ಆ ಪೊಂಗಲಿಗೆ ದೇವಸ್ಥಾನದ ರುಚಿಯೇ ಬರುವುದಿಲ್ಲ. ನೀನು ಬಿಸ್ಕತ್ತಿಗೆ ಹಾಕಿದ ರೋಸ್‌ಮರಿಗೂ ಅದರ ಊರಲ್ಲಿ ಇಂಥದೇ ಮರ್ಯಾದೆ ಇದೆ. ಇಟಲಿಯ ಫ್ಲಾರೆನ್ಸ್‌ನಲ್ಲಿ ಈಸ್ಟರಿನ ಹಿಂದಿನ ಗುರುವಾರ ತಿನ್ನುವ 'ಪಾನ್ ದಿ ರಮೆರಿನೊ' ಎಂಬ ಬನ್ನು ಇದೆ. ಒಣದ್ರಾಕ್ಷಿ ಮತ್ತು ರೋಸ್‌ಮರಿ ಸೇರಿದ ಸಿಹಿ ಬನ್ನು. ಅದೇ ಸೀಮೆಯಲ್ಲಿ ಚೆಸ್ಟ್‌ನಟ್ ಹಿಟ್ಟಿನ ಕೇಕಿನ ಮೇಲೂ ರೋಸ್‌ಮರಿ ಉದುರಿಸುತ್ತಾರೆ.

ಇನ್ನು ನನ್ನ ಕಸುಬಿಗೆ ಬಂದರೆ, ನಮ್ಮ ಖಾರಾ ಬಿಸ್ಕತ್ತು ಮತ್ತೇನು? ಹಾಸನ ಕಡೆಯ ಎಚ್.ಎಸ್. ತಿರುಮಲಾಚಾರ್ 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ಶುರುಮಾಡಿದರು. ಆಮೇಲೆ ನಮ್ಮ ಜಿಲ್ಲೆಯಿಂದ ಅದೆಷ್ಟು ಜನ ಹುಡುಗರು ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರಿನ ಅಯ್ಯಂಗಾರ್ ಬೇಕರಿಗಳ ಬಾಗಿಲಲ್ಲಿ ನಿಂತರೋ ಲೆಕ್ಕವಿಲ್ಲ. ಅವರಲ್ಲಿ ನಾನೂ ಒಬ್ಬ. ಆ ಬೇಕರಿಗಳ ಖಾರಾ ಬಿಸ್ಕತ್ತಿನಲ್ಲಿ ಹಸಿಮೆಣಸಿನಕಾಯಿ, ಶುಂಠಿ, ಕೊತ್ತಂಬರಿ, ಕರಿಬೇವು ಇರುವುದು ಎಲ್ಲರಿಗೂ ಗೊತ್ತು. ಅದರಲ್ಲಿ ಸಕ್ಕರೆಯೂ ಇದೆ ಅನ್ನುವುದು ಬಹಳ ಜನರಿಗೆ ಗೊತ್ತಿಲ್ಲ. ಆ ಸಕ್ಕರೆ ತೆಗೆದುಬಿಟ್ಟರೆ ಖಾರ ಒರಟಾಗುತ್ತದೆ, ಬಣ್ಣವೂ ಪೇಲವವಾಗುತ್ತದೆ. ಖಾರದೊಳಗೆ ಸಿಹಿ ಬಚ್ಚಿಟ್ಟುಕೊಂಡು ಬದುಕಿದವರು ನಾವು. ನೀನು ಸಿಹಿಯೊಳಗೆ ಸೊಪ್ಪು ಬಚ್ಚಿಡಲು ಹೊರಟಿದ್ದೀಯ. ಬಚ್ಚಿಡು ಅನ್ನುವುದೇ ನನ್ನ ಮಾತು. ನೀನು ಮೆರವಣಿಗೆ ಮಾಡಿಸಿದ್ದೀಯ.

ಮೊದಲನೇ ತಪ್ಪನ್ನು ಕಂಡುಹಿಡಿದವಳು ನಿಮ್ಮಜ್ಜಿ. ತೊಂಬತ್ತು ದಾಟಿದೆ, ಕಿವಿ ಮಂದ, ಕಣ್ಣು ಮಂಜು; ಮೂಗು ಮಾತ್ರ ಚುರುಕು. ಒಂದು ತುಂಡು ಬಾಯಿಗಿಟ್ಟು, "ಇದೇನೋ, ನೆಗಡಿಗೆ ಹಚ್ಚೋ ಮುಲಾಮು ತಿಂದಂಗಾಗುತ್ತೆ" ಅಂದಳು. ಎಲ್ಲರೂ ನಕ್ಕರು. ನಾನು ನಗಲಿಲ್ಲ, ಅವಳು ಹೇಳಿದ್ದು ಅಕ್ಷರಶಃ ನಿಜ. ರೋಸ್‌ಮರಿ ಎಲೆಯ ಎಣ್ಣೆಯಲ್ಲಿ ಸಿನಿಯೋಲ್ ಅನ್ನುವ ಅಂಶ ಇದೆ, ಕರ್ಪೂರದ ಅಂಶವೂ ಇದೆ. ನೀಲಗಿರಿ ಎಣ್ಣೆಯ ಮುಖ್ಯ ಅಂಶ ಇದೇ ಸಿನಿಯೋಲ್. ನೆಗಡಿ ಮುಲಾಮಿಗೆ ಬೀಳುವುದೂ ಇವೇ. ಚಿಟಿಕೆಯಷ್ಟಿದ್ದಾಗ ಕಾಡಿನ ಗಾಳಿ ಬೀಸಿದಂತಿರುತ್ತದೆ. ಚಮಚ ದಾಟಿದರೆ ಔಷಧಿ ಅಂಗಡಿ ನೆನಪಾಗುತ್ತದೆ. ನೀನು ಎಷ್ಟು ಹಾಕಿದ್ದೆ ಅಂತ ಕೇಳಿದಾಗ "ಎರಡು ದೊಡ್ಡ ಕಡ್ಡಿ ಪೂರ್ತಿ" ಅಂದೆ. ಅಲ್ಲೇ ಎಡವಿದ್ದು.

150 ಗ್ರಾಂ ಮೈದಾಕ್ಕೆ ಸಣ್ಣಗೆ ಹೆಚ್ಚಿದ ಹಸಿ ರೋಸ್‌ಮರಿ ಒಂದು ಟೀ ಚಮಚ, ಅದೂ ತಲೆ ತಟ್ಟಿದ ಚಮಚ. ಮೊದಲ ಸಲ ಅದಕ್ಕಿಂತ ಸ್ವಲ್ಪ ಕಡಿಮೆಯೇ ಇರಲಿ. ಒಣಗಿದ ಎಲೆಯಾದರೆ ಅದರ ಮೂರನೇ ಒಂದು ಭಾಗ ಸಾಕು. ನೀರು ಆರಿ ಘಾಟು ಮಾತ್ರ ಉಳಿದಿರುತ್ತದೆ. ಬಾಯಿಗಿಟ್ಟಾಗ ಮೊದಲು ಬೆಣ್ಣೆ ಬರಬೇಕು, ಆಮೇಲೆ ಸಕ್ಕರೆ. ನುಂಗಿ ಒಂದು ಗಳಿಗೆ ಆದ ಮೇಲೆ "ಇದೇನು ಇಷ್ಟು ಚೆನ್ನಾಗಿದೆ?" ಅನ್ನುವ ಹಾಗೆ ಎಲೆ ಬರಬೇಕು. ಆ ಪ್ರಶ್ನೆಗೆ ಉತ್ತರ ಹುಡುಕಲು ತಿನ್ನುವವನ ಕೈ ಇನ್ನೊಂದು ಬಿಸ್ಕತ್ತಿಗೆ ಹೋಗುತ್ತದೆ.

ಎಲೆ ಕಡಿಮೆ ಹಾಕಿದರೆ ಘಮವೇ ಬರುವುದಿಲ್ಲವಲ್ಲ ಅಂತ ನೀನು ಕೇಳಬಹುದು. ಬರುತ್ತದೆ, ಬರಿಸಬೇಕು. ಎಲೆಯ ಸುವಾಸನೆ ಇರುವುದು ಅದರ ಎಣ್ಣೆಯಲ್ಲಿ. ಆ ಎಣ್ಣೆ ಬೆಣ್ಣೆಯಲ್ಲಿ ಕರಗಿದಷ್ಟು ಸುಲಭವಾಗಿ ನೀರಲ್ಲಿ ಕರಗುವುದಿಲ್ಲ. ಸುಮ್ಮನೆ ಹೆಚ್ಚಿ ಹಿಟ್ಟಿಗೆ ಉದುರಿಸಿದರೆ ಎಣ್ಣೆ ಎಲೆಯೊಳಗೇ ಕೂತಿರುತ್ತದೆ. ತಿನ್ನುವವನು ಹಲ್ಲಿನಲ್ಲಿ ಅಗಿದಾಗ ಒಮ್ಮೆಲೇ ಹೊರಗೆ ಬಂದು ಮೂಗಿಗೆ ಹೊಡೆಯುತ್ತದೆ. ಅದಕ್ಕೆ ಹೆಚ್ಚಿದ ಎಲೆಯನ್ನು ಮೊದಲು ಸಕ್ಕರೆಗೆ ಹಾಕಿ ಬೆರಳ ತುದಿಯಲ್ಲಿ ಉಜ್ಜು. ಪುಡಿ ಸಕ್ಕರೆ ಬೇಡ, ಹರಳು ಸಕ್ಕರೆಯೇ ಬೇಕು. ಅದರ ಹರಳು ಒರಳುಕಲ್ಲಿನ ಹಾಗೆ ಎಲೆಯನ್ನು ತರಿಯುತ್ತದೆ. ಎರಡು ನಿಮಿಷ ಉಜ್ಜಿದರೆ ಸಕ್ಕರೆ ಒದ್ದೆ ಮರಳಿನ ಹಾಗಾಗಿ ತಿಳಿಹಸಿರು ಬಣ್ಣಕ್ಕೆ ತಿರುಗುತ್ತದೆ. ಅರ್ಧ ಗಂಟೆ ಮುಚ್ಚಿಡು. ಆಮೇಲೆ ಬೇಕಾದರೆ ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಿ ನುಣ್ಣಗೆ ಮಾಡಿಕೋ. ಆ ಸಕ್ಕರೆ ಬೆಣ್ಣೆಗೆ ಸೇರಿದ ಕೂಡಲೇ ಘಮ ಇಡೀ ಹಿಟ್ಟಿಗೆ ಹರಡುತ್ತದೆ.

ಇನ್ನೊಂದು ದಾರಿ ನಿಮ್ಮಜ್ಜಿಗೆ ಮೊದಲಿನಿಂದಲೂ ಗೊತ್ತಿರುವುದೇ. ಬೆಣ್ಣೆ ಕಾಯಿಸುವಾಗ ಅವಳು ಕೊನೆಯಲ್ಲಿ ಒಂದು ವೀಳ್ಯದೆಲೆಯನ್ನೋ ನಾಲ್ಕು ಎಸಳು ನುಗ್ಗೆಸೊಪ್ಪನ್ನೋ ಹಾಕಿದ್ದು ನೆನಪಿದೆಯೇ? ತುಪ್ಪ ಇಳಿಸಿ ಎಲೆ ತೆಗೆದು ನಿನ್ನ ಬಾಯಿಗೆ ಹಾಕುತ್ತಿದ್ದಳು. ಅದೇ ಕೆಲಸ ಇಲ್ಲೂ ಆಗುತ್ತದೆ. ಬೆಣ್ಣೆಯನ್ನು ಸಣ್ಣ ಉರಿಯಲ್ಲಿ ಕರಗಿಸು, ಕುದಿಸಬೇಡ. ಒಲೆ ಆರಿಸಿ ಜಜ್ಜಿದ ಎಲೆ ಹಾಕಿ ಇಪ್ಪತ್ತು ನಿಮಿಷ ಮುಚ್ಚಿಡು. ಸೋಸಿ, ಮತ್ತೆ ಗಟ್ಟಿಯಾಗಲು ಬಿಡು. ಪುದೀನ, ದೊಡ್ಡಪತ್ರೆಯಂಥ ನೀರಿನಂಶದ ಎಲೆಗೆ ಈ ದಾರಿಯೇ ಲೇಸು. ಸೋಸಿದ ಮೇಲೆ ಬೆಣ್ಣೆಯನ್ನು ಮತ್ತೆ ತೂಗುವುದನ್ನು ಮರೆಯಬೇಡ. ಎಲೆಗೆ ಒಂದಷ್ಟು ಅಂಟಿಕೊಂಡು ಹೋಗಿರುತ್ತದೆ.

ಎರಡನೇ ತಪ್ಪು ಹಲ್ಲಿಗೆ ಸಿಕ್ಕಿತು. ನಿನ್ನ ರೋಸ್‌ಮರಿ ಚೂರುಗಳು ಪೈನ್ ಮರದ ಸೂಜಿಯಂತೆ ಒಸಡಿಗೆ ಚುಚ್ಚಿದವು. ಅದು ನಾರಿನ ಎಲೆ, ಪುಟ್ಟಿ. ಬೆಂದರೂ ಮೆತ್ತಗಾಗುವುದಿಲ್ಲ. ಕಡ್ಡಿಯಿಂದ ಎಲೆ ಬಿಡಿಸಿ, ಕಡ್ಡಿಯ ಚೂರು ಒಂದೂ ಇಲ್ಲದ ಹಾಗೆ ನೋಡಿಕೊಂಡು, ಗಸಗಸೆಯಷ್ಟು ಸಣ್ಣಗೆ ಹೆಚ್ಚಬೇಕು. ಹೆಚ್ಚುವುದಕ್ಕೆ ಮುಂಚೆ ತೊಳೆದ ಎಲೆಯ ನೀರು ಪೂರ್ತಿ ಆರಿರಬೇಕು.

ಈ ನೀರಿನ ಪಾಠ ನಾನು ಕಲಿತದ್ದು ಅವಮಾನ ಪಟ್ಟು. ಬೇಕರಿಗೆ ಸೇರಿ ಎರಡನೇ ವರ್ಷ. ಮದುವೆ ಮನೆಯ ಖಾರಾ ಬಿಸ್ಕತ್ತಿನ ಆರ್ಡರು, ಮೇಸ್ತ್ರಿ ಊರಿಗೆ ಹೋಗಿದ್ದರು, ಹಿಟ್ಟು ಕಲಸುವ ಕೆಲಸ ನನ್ನ ತಲೆಗೆ ಬಿತ್ತು. ಆತುರದಲ್ಲಿ ಕೊತ್ತಂಬರಿ, ಕರಿಬೇವು ತೊಳೆದು, ಒದರಿ, ಹಾಗೇ ಹೆಚ್ಚಿ ಸುರಿದೆ. ಹಿಟ್ಟು ಅಂಟಂಟಾಯಿತು. ಇನ್ನೊಂದಿಷ್ಟು ಮೈದಾ ಹಾಕಿದೆ. ಗಟ್ಟಿಯಾಯಿತು ಅಂತ ಮತ್ತೆ ನಾದಿದೆ. ಭಟ್ಟಿಯಿಂದ ಹೊರಗೆ ಬಂದದ್ದು ಬಿಸ್ಕತ್ತಲ್ಲ, ಹಂಚಿನ ಚೂರು. ಮಾರನೆಯ ದಿನ ಬಂದ ಮೇಸ್ತ್ರಿ ಬೈಯಲಿಲ್ಲ. ಒಂದು ಲೋಟ ಟೀ ಮತ್ತು ಒಂದು ಬಿಸ್ಕತ್ತು ನನ್ನ ಮುಂದಿಟ್ಟು, "ತಿನ್ನು" ಅಂದರು. ನಾನು ಕಡಿಯುವ ಸದ್ದು ಕೇಳಿ ಪಕ್ಕದಲ್ಲಿ ಬನ್ನು ಜೋಡಿಸುತ್ತಿದ್ದ ಹುಡುಗರು ತಿರುಗಿ ನೋಡಿದರು. ಅಂದಿನಿಂದ ಸೊಪ್ಪನ್ನು ತೊಳೆದು ಬಿಳಿ ಪಂಚೆಯ ಮೇಲೆ ಹರಡಿ, ಅಂಗೈಗೆ ತೇವ ತಾಗುವುದಿಲ್ಲ ಅಂತ ಖಾತ್ರಿಯಾದ ಮೇಲೇ ಚಾಕು ಹಿಡಿದಿದ್ದೇನೆ.

ಕಾರಣ ಏನು ಗೊತ್ತೇ? ಮೈದಾಕ್ಕೆ ನೀರು ತಾಗಿ, ಮೇಲೆ ಕೈಯೂ ಆಡಿದರೆ ಅದರೊಳಗಿನ ಗ್ಲುಟೆನ್ ರಬ್ಬರಿನ ಹಾಗೆ ಬಿಗಿಯುತ್ತದೆ. ಬ್ರೆಡ್ಡಿಗೆ ಅದು ಬೇಕು, ಬಿಸ್ಕತ್ತಿಗೆ ಬೇಡ. ಬೆಣ್ಣೆ ಮೈದಾದ ಕಣಗಳನ್ನು ಮುಚ್ಚಿ ನೀರನ್ನು ದೂರ ಇಡುವುದರಿಂದಲೇ ಬಿಸ್ಕತ್ತು ಬಾಯಲ್ಲಿ ಪುಡಿಯಾಗುವುದು. ಪ್ಯಾಕೆಟ್ ಬೆಣ್ಣೆಯಲ್ಲಿ ನೂರಕ್ಕೆ 80 ಭಾಗ ಕೊಬ್ಬು, ಉಳಿದದ್ದರಲ್ಲಿ ಹೆಚ್ಚಿನದು ನೀರು. ಮನೆಯಲ್ಲಿ ಕಡೆದ ಬೆಣ್ಣೆಯಲ್ಲಿ ನೀರು ಇನ್ನೂ ಜಾಸ್ತಿ. ಅದರ ಮೇಲೆ ಒದ್ದೆ ಸೊಪ್ಪನ್ನೂ ಸುರಿದರೆ ಬಿಸ್ಕತ್ತು ಹೇಗೆ ಬದುಕೀತು?

ಇಲ್ಲೇ ಇನ್ನೊಂದು ಮಾತು ಹೇಳಿಬಿಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ನಿನ್ನ ಬಿಸ್ಕತ್ತಿನಲ್ಲಿ ಎಲೆ ಇಲ್ಲದಿದ್ದರೂ ಅದು ಸ್ವಲ್ಪ ಗಟ್ಟಿಯೇ. ಎಲೆಯ ಘಾಟಿನಲ್ಲಿ ಅದು ಮುಚ್ಚಿಹೋಗುತ್ತದೆ ಅಂತ ನೀನು ಅಂದುಕೊಂಡಿರಬಹುದು. ಮುಚ್ಚಿಹೋಗುವುದಿಲ್ಲ. ಮೊದಲು ಬರೀ ಬೆಣ್ಣೆ ಬಿಸ್ಕತ್ತು ಕೈಗೆ ಕೂರಲಿ. ಲೆಕ್ಕ ಸುಲಭ: ಒಂದು, ಎರಡು, ಮೂರು. ಸಕ್ಕರೆ 50 ಗ್ರಾಂ, ಬೆಣ್ಣೆ 100 ಗ್ರಾಂ, ಹಿಟ್ಟು 150 ಗ್ರಾಂ. ಸ್ಕಾಟ್ಲೆಂಡಿನವರ ಶಾರ್ಟ್‌ಬ್ರೆಡ್ಡಿನ ಲೆಕ್ಕವೂ ಇದೇ. ಹಿಟ್ಟಿನಲ್ಲಿ 25 ಗ್ರಾಂ ಮೈದಾ ಕಡಿಮೆ ಮಾಡಿ ಅಷ್ಟು ಅಕ್ಕಿ ಹಿಟ್ಟು ಸೇರಿಸಿದರೆ ಇನ್ನೂ ಗರಿಗರಿ. ಅವರೂ ಹಾಗೆ ಮಾಡುವುದುಂಟು. ಬೆಣ್ಣೆಯಲ್ಲಿ ಉಪ್ಪು ಇಲ್ಲದಿದ್ದರೆ ಒಂದು ಚಿಟಿಕೆ ಉಪ್ಪು ಹಾಕು. ಲೋಟ, ಬಟ್ಟಲಿನ ಅಳತೆ ಬಿಟ್ಟು ಒಂದು ತಕ್ಕಡಿ ಕೊಂಡುಕೋ. ನಾನೂ ಕೈಯಂದಾಜಿನಲ್ಲೇ ಹೆಮ್ಮೆಪಡುತ್ತಿದ್ದವನು. ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದ ಬೇಕರಿ ತರಬೇತಿಗೆ ಹೋದ ಮೇಲೆ ಗ್ರಾಮು, ಡಿಗ್ರಿ ಅಂದರೇನು ಅಂತ ಅರ್ಥವಾಯಿತು. ಒಂದು ದಿನ ಚೆನ್ನಾಗಿ ಬಂದದ್ದು ಮರುದಿನವೂ ಹಾಗೇ ಬರಬೇಕಾದರೆ ತಕ್ಕಡಿಯೇ ಗತಿ.

ಬೆಣ್ಣೆ ಬೆರಳು ಒತ್ತಿದರೆ ಗುಳಿ ಬೀಳುವಷ್ಟು ಮೆತ್ತಗಿರಲಿ, ಕರಗಿರಬಾರದು. ಸಕ್ಕರೆ ಸೇರಿಸಿ ಬಿಳುಪಾಗುವವರೆಗೆ ತಿರುವು. ಆಮೇಲೆ ಹಿಟ್ಟು ಜರಡಿ ಹಿಡಿದು ಹಾಕಿ, ಒಂದುಗೂಡಿದ ಕೂಡಲೇ ಕೈ ತೆಗೆ. ಚಪಾತಿ ಹಿಟ್ಟಿನ ಹಾಗೆ ನಾದುವ ಆಸೆಯಾಗುತ್ತದೆ, ಕೈ ಕಟ್ಟಿಕೊಂಡು ನಿಲ್ಲು. ಉರುಳೆ ಮಾಡಿ ಕಾಗದದಲ್ಲಿ ಸುತ್ತಿ ಅರ್ಧ ಗಂಟೆ ಫ್ರಿಜ್ಜಿನಲ್ಲಿಡು. ಬಿಸಿಲುಗಾಲದಲ್ಲಿ ಒಂದು ಗಂಟೆ. ತಣ್ಣಗಾದ ಹಿಟ್ಟನ್ನು ಬೆರಳ ದಪ್ಪಕ್ಕಿಂತ ತುಸು ತೆಳ್ಳಗೆ ಬಿಲ್ಲೆ ಕೊಯ್ದರೆ ಈ ಅಳತೆಗೆ ಇಪ್ಪತ್ತು ಚಿಲ್ಲರೆ ಬಿಸ್ಕತ್ತು. ಫ್ರಿಜ್ಜಿನಲ್ಲಿ ಕಳೆದ ಹೊತ್ತು ಬರೀ ಗಟ್ಟಿಯಾಗಲಿಕ್ಕಲ್ಲ, ಎಲೆಯ ಘಮ ಬೆಣ್ಣೆಗೆ ಇಳಿಯಲಿಕ್ಕೂ ಬೇಕು.

ಮೂರನೇ ತಪ್ಪು ಬೆಂಕಿಯದು. ಪ್ರತಿ ಬಿಸ್ಕತ್ತಿನ ಮೇಲೂ ಒಂದೊಂದು ಎಳೆ ರೋಸ್‌ಮರಿ ಒತ್ತಿ ಕೂರಿಸಿದ್ದೆ. ಫೋಟೊದಲ್ಲಿ ಬಹಳ ಮುದ್ದಾಗಿತ್ತು. ಬಾಯಲ್ಲಿ ಕಹಿ. ಮೇಲೆ ಕೂತ ತೆಳ್ಳನೆ ಎಲೆ ಒಳಗಿನ ಹಿಟ್ಟು ಬೇಯುವ ಮೊದಲೇ ಒಣಗಿ ಸುಟ್ಟುಹೋಗುತ್ತದೆ. ಎಲೆ ಹಿಟ್ಟಿನೊಳಗಿದ್ದರೆ ಬೆಣ್ಣೆ ಅದನ್ನು ಕಾಪಾಡುತ್ತದೆ. ಅಲಂಕಾರ ಬೇಕೇ ಬೇಕು ಅಂದರೆ, ಉಜ್ಜಿಟ್ಟ ಹಸಿರು ಸಕ್ಕರೆಯಲ್ಲಿ ಒಂದು ಚಮಚ ತೆಗೆದಿಟ್ಟುಕೊಂಡು, ಬಿಸ್ಕತ್ತು ಹೊರಗೆ ಬಂದ ಕೂಡಲೇ ಬಿಸಿಬಿಸಿ ಇರುವಾಗ ಉದುರಿಸು.

ನಮ್ಮ ಕಾಲದ ಸೌದೆ ಭಟ್ಟಿಯಲ್ಲಿ ಡಿಗ್ರಿ ತೋರಿಸುವ ಮುಳ್ಳು ಇರಲಿಲ್ಲ. ಮೇಸ್ತ್ರಿ ಒಂದು ಚಿಟಿಕೆ ಮೈದಾ ಒಳಗೆ ಎಸೆದು, ಅದು ಕೆಂಪಾಗುವುದನ್ನು ನೋಡಿ, "ಇನ್ನೂ ಹೊತ್ತು ಬಿಡಿ" ಅನ್ನುತ್ತಿದ್ದರು. ಮೊದಲು ಬ್ರೆಡ್ಡು, ಆಮೇಲೆ ಬನ್ನು, ಕಾವು ಇಳಿದ ಮೇಲೆ ಬಿಸ್ಕತ್ತು. ಬಿಸ್ಕತ್ತಿಗೆ ಇಳಿದ ಕಾವೇ ಬೇಕು. ನಿನ್ನ ಓಟಿಜಿಯನ್ನು 160 ಡಿಗ್ರಿಗಿಟ್ಟು ಹತ್ತು ಹದಿನೈದು ನಿಮಿಷ ಮೊದಲೇ ಕಾಯಿಸು. ಟ್ರೇ ನಡುವಿನ ಸಾಲಿನಲ್ಲಿರಲಿ. 15ರಿಂದ 18 ನಿಮಿಷ. ಓವನ್ನಿನ ಗುಂಡಿ ಹೇಳುವ ಡಿಗ್ರಿಯನ್ನು ಪೂರ್ತಿ ನಂಬಬೇಡ. ಒಳಗಿಡುವ ಸಣ್ಣ ಥರ್ಮಾಮೀಟರು ಸಿಗುತ್ತದೆ, ಒಂದು ತಂದುಕೋ. ಅಂಚು ಮಾತ್ರ ನಸುಗೆಂಪಾಗಿ ನಡುವೆ ಇನ್ನೂ ಬೆಳ್ಳಗಿರುವಾಗ ಹೊರಗೆ ತೆಗೆ. ಮುಟ್ಟಿದರೆ ಮೆತ್ತಗಿದೆ, ಬೆಂದಿಲ್ಲ ಅಂತ ಮತ್ತೆ ಒಳಗಿಡಬೇಡ. ಟ್ರೇಯಲ್ಲೇ ಆರಿದಾಗ ತಾನಾಗಿ ಗರಿಯಾಗುತ್ತದೆ. ಬಹಳ ಕೆಂಪಾದರೆ ಸುಟ್ಟ ಸಕ್ಕರೆಯ ರುಚಿ ಎಲೆಯನ್ನು ನುಂಗಿಬಿಡುತ್ತದೆ.

ಇನ್ನು ಯಾವ ಎಲೆಗೆ ಯಾವ ಜೊತೆ ಅನ್ನುವ ಮಾತು. ರೋಸ್‌ಮರಿಗೆ ಕಿತ್ತಳೆ ಸಿಪ್ಪೆಯ ತುರಿ ಒಪ್ಪುತ್ತದೆ. ಬಣ್ಣದ ಮೇಲ್ಪದರ ಮಾತ್ರ ತುರಿ, ಕೆಳಗಿನ ಬಿಳಿ ಭಾಗ ಕಹಿ. ಪುದೀನಕ್ಕೆ ಕೋಕೋ ಜೊತೆ. ಮೈದಾದಲ್ಲಿ 20 ಗ್ರಾಂ ತೆಗೆದು ಅಷ್ಟು ಕೋಕೋ ಪುಡಿ ಹಾಕು. ಅಂಗಡಿಯಲ್ಲಿ ಬೇಸಿಲ್ ಅಂತ ದುಬಾರಿ ಬೆಲೆ ಕೊಟ್ಟು ತರುತ್ತೀಯಲ್ಲ, ಅದು ನಮ್ಮ ಕಾಮಕಸ್ತೂರಿ ಕಣಮ್ಮ. ಶರಬತ್ತಿಗೆ ಹಾಕುವ ಕಾಮಕಸ್ತೂರಿ ಬೀಜ ಚೆಲ್ಲಿದರೆ ಕುಂಡದಲ್ಲೇ ಬೆಳೆಯುತ್ತದೆ. ಹೆಚ್ಚಿಟ್ಟರೆ ಕಪ್ಪಾಗುವ ಎಲೆ ಅದು. ತಕ್ಷಣ ಸಕ್ಕರೆಗೆ ಉಜ್ಜಿ, ನಿಂಬೆ ಸಿಪ್ಪೆಯ ತುರಿ ಸೇರಿಸು. ಕೊತ್ತಂಬರಿ ಸೊಪ್ಪನ್ನು ಮಾತ್ರ ಸಿಹಿ ಬಿಸ್ಕತ್ತಿಗೆ ಹಾಕಬೇಡ, ಬೆಂದ ಮೇಲೆ ಅದರ ಘಮ ಹಾರಿಹೋಗಿ ಹುಲ್ಲಿನ ರುಚಿ ಉಳಿಯುತ್ತದೆ. ಅದರ ಬದಲು ಧನಿಯವನ್ನು ಬೆಚ್ಚಗೆ ಹುರಿದು ತರಿತರಿಯಾಗಿ ಕುಟ್ಟಿ ಹಾಕು. ಹೂವಿನಂಥ ಪರಿಮಳ ಬರುತ್ತದೆ. ಧನಿಯದಲ್ಲೂ ಲ್ಯಾವೆಂಡರ್ ಹೂವಿನಲ್ಲೂ ಲಿನಲೂಲ್ ಅನ್ನುವ ಒಂದೇ ಸುಗಂಧದ ಅಂಶ ಇದೆ. ಕೊಬ್ಬರಿ ಬಿಸ್ಕತ್ತಿಗೆ ನಾಲ್ಕೈದು ಎಸಳು ಕರಿಬೇವನ್ನು ದಾರದಂತೆ ಸಣ್ಣಗೆ ಕತ್ತರಿಸಿ ಹಾಕಿ ನಾನೇ ತಿಂದಿದ್ದೇನೆ, ಸೊಗಸಾಗಿರುತ್ತದೆ. ಸಬ್ಬಸಿಗೆಯನ್ನು ಅಕ್ಕಿ ರೊಟ್ಟಿಗೇ ಬಿಟ್ಟುಬಿಡು.

ಥೈಮ್ ಸಿಗುವುದಿಲ್ಲ ಅಂತ ಒಮ್ಮೆ ಊರೆಲ್ಲ ಸುತ್ತಿದೆಯಂತೆ. ಥೈಮಿನ ಘಾಟಿಗೆ ಕಾರಣ ಥೈಮಾಲ್. ಅದು ನಮ್ಮ ಓಮದಲ್ಲಿ ಧಾರಾಳವಾಗಿದೆ. ಅರ್ಧ ಚಮಚ ಓಮವನ್ನು ಅಂಗೈಯಲ್ಲಿ ತಿಕ್ಕಿ ಹಾಕಿ, ಸಕ್ಕರೆ ಬದಲು ಬೆಲ್ಲದ ಪುಡಿ ಬಳಸಿ ಮಾಡಿನೋಡು. ಬೆಲ್ಲಕ್ಕೆ ತೇವ ಜಾಸ್ತಿ, ಬೇಗ ಕೆಂಪಾಗುತ್ತದೆ. ಓವನ್ ಹತ್ತು ಡಿಗ್ರಿ ಕಡಿಮೆಯಿರಲಿ. ಹಾಗೆಯೇ ದೊಡ್ಡಪತ್ರೆ. ತುಳಸಿ, ಪುದೀನ, ಕಾಮಕಸ್ತೂರಿ, ರೋಸ್‌ಮರಿ, ಥೈಮ್ ಎಲ್ಲ ಒಂದೇ ಕುಟುಂಬದ ಗಿಡಗಳು, ದೊಡ್ಡಪತ್ರೆಯೂ ಅದೇ ಮನೆಯದು. ಅಮೆರಿಕದ ಕಡೆ ಅದನ್ನು ಕ್ಯೂಬನ್ ಒರೆಗಾನೊ ಅಂತಲೇ ಕರೆಯುತ್ತಾರೆ. ಮಗುವಿಗೆ ಕೆಮ್ಮು ಬಂದಾಗ ಬಾಡಿಸಿ ಹಿಂಡುವ ಎಲೆ, ತಂಬುಳಿಯ ಎಲೆ, ಬಿಸ್ಕತ್ತಿಗೆ ಏಕೆ ಬಾರದು? ಆದರೆ ಅದು ದಪ್ಪನೆಯ, ನೀರು ತುಂಬಿದ ಎಲೆ. ಹೆಚ್ಚಿ ಹಾಕಿದರೆ ನನ್ನ ಹಂಚಿನ ಚೂರಿನ ಕಥೆಯೇ ಆಗುತ್ತದೆ. ಬೆಣ್ಣೆಯಲ್ಲಿ ಬೆಚ್ಚಗೆ ನೆನೆಸಿ ಸೋಸಿಕೋ. 100 ಗ್ರಾಂ ಬೆಣ್ಣೆಗೆ ಮೂರು ನಾಲ್ಕು ಎಲೆ ಸಾಕು.

ಎಲೆ ಎಲ್ಲಿಂದ ತರುತ್ತೀಯ ಅನ್ನುವುದೂ ಮುಖ್ಯ. ನರ್ಸರಿಯಿಂದ ತಂದ ಗಿಡಕ್ಕೆ ಔಷಧಿ ಹೊಡೆದಿರುತ್ತಾರೆ. ಹಳೆ ಎಲೆಯನ್ನೆಲ್ಲ ಬಿಟ್ಟು, ನಿನ್ನ ಮನೆಯಲ್ಲಿ ಹೊಸದಾಗಿ ಚಿಗುರಿದ ಮೇಲೆ ಕೀಳು. ಬಾಟಲಿಯಲ್ಲಿ ಬರುವ ಸುಗಂಧದ ಎಣ್ಣೆಯನ್ನು ಹಿಟ್ಟಿಗೆ ಹನಿಸುವ ಸಾಹಸ ಬೇಡವೇ ಬೇಡ. ಇನ್ನು ತುಳಸಿ ಬಿಸ್ಕತ್ತು ಮಾಡುವ ಮನಸ್ಸಾದರೆ ನಿಮ್ಮತ್ತೆಯವರ ಬೃಂದಾವನಕ್ಕೆ ಕೈ ಹಾಕಬೇಡ. ಅವರು ಬಾಯಿಬಿಟ್ಟು ಏನೂ ಅನ್ನಲಿಕ್ಕಿಲ್ಲ, ಆದರೆ ಪೂಜೆಯ ಗಿಡ ಓವನ್ನಿಗೆ ಹೋದದ್ದು ಮನಸ್ಸಿನಲ್ಲಿ ಉಳಿಯುತ್ತದೆ. ಬಿಸ್ಕತ್ತಿಗೆ ಅಂತ ಬೇರೆ ಕುಂಡ ಇಡು. ತುಳಸಿಗೆ ಒಣಶುಂಠಿ ಪುಡಿ ಒಳ್ಳೆಯ ಜೊತೆ.

ಕೊನೆಯದಾಗಿ ಸಹನೆಯ ಮಾತು. ಸೊಪ್ಪಿನ ಬಿಸ್ಕತ್ತಿನ ರುಚಿಯನ್ನು ಅವತ್ತೇ ತೀರ್ಮಾನಿಸಬೇಡ. ಬಿಸಿಯಿರುವಾಗ ಬೆಣ್ಣೆಯ ವಾಸನೆಯೇ ಮೇಲಿರುತ್ತದೆ, ಎಲೆ ಸಾಲದು ಅನ್ನಿಸುತ್ತದೆ. ನೀನು ಎರಡು ಕಡ್ಡಿ ಹಾಕಿದ್ದು ಹಾಗೆ ಅನ್ನಿಸಿದ್ದರಿಂದಲೇ ಇರಬೇಕು. ಪೂರ್ತಿ ಆರಿಸಿ, ಗಾಳಿಯಾಡದ ಡಬ್ಬದಲ್ಲಿಟ್ಟು, ಮಾರನೆಯ ದಿನ ಸಂಜೆ ತಿನ್ನು. ಅಷ್ಟರಲ್ಲಿ ಘಮ ಕೂಡಿಕೊಂಡಿರುತ್ತದೆ. ಹತ್ತು ದಿನ ಚೆನ್ನಾಗಿರುತ್ತದೆ. ರೋಸ್‌ಮರಿಗೆ ಇನ್ನೊಂದು ಗುಣವಿದೆ: ಅದರ ಸಾರವನ್ನು ಎಣ್ಣೆ, ಕೊಬ್ಬಿನ ಪದಾರ್ಥ ಕಮಟದಿರಲಿ ಅಂತ ಆಹಾರ ಕಾರ್ಖಾನೆಗಳಲ್ಲೂ ಬಳಸುತ್ತಾರೆ.

ಮುಂದೆ ಮಾರುವ ಯೋಚನೆಯೂ ಇದೆ ಅಂದೆ. ಸಂತೋಷ. ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿಕೋ, ಡಬ್ಬದ ಮೇಲೆ ಏನೇನು ಹಾಕಿದ್ದೀಯ ಅಂತ ಬರೆ. ಆದರೆ ಯಾರ ಹೊಗಳಿಕೆಯನ್ನೂ ಲೆಕ್ಕಕ್ಕೆ ಹಿಡಿಯಬೇಡ. ನಮ್ಮ ಮೇಸ್ತ್ರಿ ಹೊಸ ತಿಂಡಿ ಮಾಡಿದ ದಿನ ಗಿರಾಕಿಯ ಮುಖ ನೋಡುತ್ತಿರಲಿಲ್ಲ, ಮಾರನೆಯ ದಿನ ಅದನ್ನೇ ಕೇಳಿಕೊಂಡು ಬಂದವರನ್ನು ಎಣಿಸುತ್ತಿದ್ದರು. ನೀನೂ ಡಬ್ಬವನ್ನು ಮೇಜಿನ ಮೇಲಿಟ್ಟು ಪಕ್ಕದ ಕೋಣೆಯಲ್ಲಿ ಕೂತುಕೋ. ಮುಚ್ಚಳ ಎರಡನೇ ಸಲ ತೆಗೆದ ಸದ್ದು ಕೇಳಿಸಿದರೆ ಗೆದ್ದೆ ಅಂತ ತಿಳಿ.

ನಿನ್ನ ಡಬ್ಬ ತೊಳೆದು ಒಣಗಿಸಿಟ್ಟಿದ್ದೇನೆ. ಭಾನುವಾರ ನಿನ್ನ ತಮ್ಮ ಬೆಂಗಳೂರಿಗೆ ಬರುವಾಗ ತರುತ್ತಾನೆ. ಖಾಲಿ ಡಬ್ಬ ವಾಪಸು ಕಳಿಸಬಾರದು ಅಂತ ನಿಮ್ಮಜ್ಜಿಯ ಹಟ. ಅದಕ್ಕೆ ಹಿತ್ತಲಿನ ದೊಡ್ಡಪತ್ರೆಯ ಎರಡು ಕಡ್ಡಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಒಳಗಿಟ್ಟಿದ್ದೇನೆ. ಕೆಳಗಿನ ಎಲೆ ಕಿತ್ತು ಕುಂಡಕ್ಕೆ ಚುಚ್ಚು, ಬೇರು ಬಿಡುತ್ತದೆ; ನೀರು ಮಾತ್ರ ಅತಿಯಾಗಿ ಹಾಕಬೇಡ. ದೀಪಾವಳಿ ಹೊತ್ತಿಗೆ ಎಲೆ ಕೀಳುವಷ್ಟು ಬೆಳೆದಿರುತ್ತದೆ. ಅಲ್ಲಿಯವರೆಗೆ ಅದೇ ಡಬ್ಬದಲ್ಲಿ ಬರೀ ಬೆಣ್ಣೆ ಬಿಸ್ಕತ್ತು ಮಾಡಿ ಕಳಿಸುತ್ತಿರು. ಗೂಡಿನಲ್ಲಿ ಚಕ್ಕುಲಿ ಡಬ್ಬದ ಪಕ್ಕದ ಜಾಗ ಹಾಗೇ ಇದೆ.